ಬೆಟ್ಟ ನಿಂತ ವರ್ಷ

ನಮ್ಮೂರಿನ ಹೊಲಗಳು ವರ್ಷಕ್ಕೊಮ್ಮೆ ಒಂದು ಮೆಟ್ಟಿಲು ಕೆಳಗಿಳಿಯುತ್ತಿದ್ದವು. ಹಸ್ತ ಮಳೆ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ, ಹಾಲು ಕರೆಯುವ ಸಮಯಕ್ಕೆ, ಬೆಟ್ಟ ಒಮ್ಮೆ ಮೈ ಸಡಿಲಿಸುತ್ತಿತ್ತು. ಅಷ್ಟೆ. ದನ ಬೆದರುತ್ತಿರಲಿಲ್ಲ, ಒಲೆಯ ಮೇಲಿನ ಪಾತ್ರೆ ಅಲುಗುತ್ತಿರಲಿಲ್ಲ. ನಮ್ಮ ಮನೆಗಳಿರುವುದು ಪಕ್ಕದ ಹಾಸುಬಂಡೆಯ ಮೇಲೆ, ಅದು ಅಲ್ಲಾಡುವ ಜಾತಿಯದ್ದಲ್ಲ. ಹೊರಗೆ ಬಂದು ನೋಡಿದರೆ ಪ್ರತಿಯೊಬ್ಬರ ಹೊಲವೂ ಬೇಲಿ, ಬದು, ಬದುವಿನ ಮೇಲಿನ ಗಿಡಗಂಟೆ ಸಮೇತ ಒಂದು ಮೆಟ್ಟಿಲು ಕೆಳಗೆ ಹೋಗಿ ಕೂತಿರುತ್ತಿತ್ತು. ಬೆಟ್ಟದ ತುದಿಯಲ್ಲಿ ಹೊಸದಾಗಿ ಒಂದು ಬೋಳು ಕಲ್ಲಿನ ಮೆಟ್ಟಿಲು ಕಾಣಿಸಿಕೊಳ್ಳುತ್ತಿತ್ತು. ಎಲ್ಲಕ್ಕಿಂತ ಕೆಳಗಿದ್ದ ಹೊಲ ಹೊಳೆ ಪಾಲಾಗುತ್ತಿತ್ತು.

ಯಾಕೆ ಹೀಗೆ ಎಂದು ನಾವು ಕೇಳಿಕೊಂಡು ಕೂತವರಲ್ಲ. ಕೂತರೆ ಕಳೆ ಕೀಳುವವರು ಯಾರು? ಹಸ್ತ ಮಳೆಯ ಒಳಗೆ ಕೊಯ್ಲು ಮುಗಿಸಿ ಹೊಲ ಖಾಲಿ ಮಾಡಿ ಕಾಯುತ್ತಿದ್ದೆವು. ಹೊಲ ಹೋದ ಮನೆಯವರು ಗುದ್ದಲಿ ಹೆಗಲಿಗೇರಿಸಿ ತುದಿಯ ಕಲ್ಲಿಗೆ ಹೋಗುತ್ತಿದ್ದರು. ತುದಿಯಲ್ಲಿ ನೀರಿಲ್ಲ. ನಮ್ಮ ಬೆಟ್ಟದ ಒರತೆ ಇರುವುದು ನಟ್ಟನಡುವೆ, ಅದು ಮಾತ್ರ ಹೊಲಗಳ ಜೊತೆ ಇಳಿಯದೆ ಇದ್ದಲ್ಲೇ ಇರುತ್ತದೆ. ಅದಕ್ಕಿಂತ ಮೇಲಿರುವವರು ಕೊಡದಲ್ಲಿ ನೀರು ಹೊರಬೇಕು, ಕೆಳಗಿರುವವರು ಕಾಲುವೆ ತಿರುಗಿಸಿಕೊಂಡರಾಯಿತು. ತುದಿಯಲ್ಲಿ ಹುರುಳಿ ಬಿತ್ತಿದ ಮನೆಯವರು ವರ್ಷಕ್ಕೊಂದು ಮೆಟ್ಟಿಲಿಳಿದು, ನಡುವೆ ಆಲೂಗಡ್ಡೆ, ಆಮೇಲೆ ಬಟಾಣಿ, ಹೊಳೆಯಂಚಿಗೆ ಬೆಳ್ಳುಳ್ಳಿ ಎಂದು ಬೆಳೆಯುತ್ತಾ ಬರುವಷ್ಟರಲ್ಲಿ ಒಂದು ತಲೆಮಾರು ಕಳೆದಿರುತ್ತಿತ್ತು. ಎಲ್ಲರಿಗೂ ಕಲ್ಲು ಉಂಟು, ಎಲ್ಲರಿಗೂ ಬೆಳ್ಳುಳ್ಳಿಯೂ ಉಂಟು. ಹಾಗಾಗಿ ಒಬ್ಬರನ್ನು ಕಂಡು ಒಬ್ಬರು ಹೊಟ್ಟೆಯುರಿದುಕೊಳ್ಳುವುದು ನಮ್ಮಲ್ಲಿ ಕಡಿಮೆಯೇ ಇತ್ತು.

ತುದಿಗೆ ಹೋಗುವ ಮನೆಯ ಹೆಂಗಸಿಗೆ ಊರಿನ ಹೆಂಗಸರೆಲ್ಲ ಮಡಿಲು ತುಂಬಬೇಕು. ಅಕ್ಕಿ ಬೆಲ್ಲ ಅಲ್ಲ, ಮಣ್ಣು. ಮೊರದಲ್ಲಿ ಕೇರಿ, ಕಲ್ಲು ಕಡ್ಡಿ ಆರಿಸಿ, ನಡುಹೊಲದ ಮಣ್ಣನ್ನೇ ತರಬೇಕು. ಅಂಚಿನ ಮಣ್ಣು ತಂದವಳನ್ನು ಊರು ಸುಮ್ಮನೆ ಬಿಡುತ್ತಿರಲಿಲ್ಲ, ಅವಳ ಮೊಮ್ಮಗಳ ಮದುವೆಯಲ್ಲೂ ಆ ಮಾತು ಬರುತ್ತಿತ್ತು. ತುದಿಯ ಮನೆಯವರ ಮೊದಲ ವರ್ಷದ ಹುರುಳಿ ಬೆಳೆಯುತ್ತಿದ್ದದ್ದು ಆ ಮಡಿಲ ಮಣ್ಣಿನಲ್ಲೇ.

ಸರ್ಕಾರಕ್ಕೂ ನಮ್ಮ ಬೆಟ್ಟಕ್ಕೂ ಮೊದಲಿನಿಂದ ಎಣ್ಣೆ ಸೀಗೆಕಾಯಿ. ಬೆಟ್ಟದ ಬೆಳೆಗಾರರಿಗೆ ನೆರವು ಎಂದು ಆಗಾಗ ಹೊಸ ಹೆಸರಿನ ಯೋಜನೆ ಬರುತ್ತಿತ್ತು. ಒಬ್ಬ ಸಾಹೇಬರು ಸಿಮೆಂಟಿನ ತಡೆಗೋಡೆ ಕಟ್ಟಿಸಿದರು. ಗೋಡೆ ಗಟ್ಟಿಯಾಗಿಯೇ ಇತ್ತು, ಪಾಪ. ಹೊಲದ ಜೊತೆಗೇ ಮೆಟ್ಟಿಲು ಮೆಟ್ಟಿಲು ಇಳಿದು ಈಗ ಹೊಳೆಯಲ್ಲಿದೆ, ನಾವು ಅದರ ಮೇಲೆ ಕಂಬಳಿ ಒಗೆಯುತ್ತೇವೆ. ಇನ್ನೊಬ್ಬರು ಒರತೆಯಿಂದ ಮೇಲಿದ್ದವರಿಗೇ ಆರಿಸಿ ಆರಿಸಿ ತುಂತುರು ನೀರಾವರಿಯ ಪೈಪು ಹಂಚಿದರು. ತುಂತುರಿಸಲು ನೀರೆಲ್ಲಿ? ಪೈಪೆಲ್ಲ ಅವರೆಬಳ್ಳಿಗೆ ಚಪ್ಪರವಾಯಿತು. ಮತ್ತೊಬ್ಬರು ಜಿಪಿಎಸ್ ಫೋಟೊ ಇಲ್ಲದೆ ಸಬ್ಸಿಡಿ ಇಲ್ಲ ಅಂದರು. ಫೋಟೊ ತೆಗೆದು ಮಂಜೂರಾಗಿ ಬರುವಷ್ಟರಲ್ಲಿ ಆ ಜಾಗದಲ್ಲಿ ಬೇರೆಯವರ ಹೊಲ ಬಂದು ಕೂತಿತ್ತು. ಊರೆಲ್ಲ ಸೇರಿ ಸರ್ಕಾರಕ್ಕೆ ಟೋಪಿ ಹಾಕುತ್ತಿದ್ದೀರಿ ಎಂದು ಅವರು ಕೂಗಾಡಿ ಹೋದರು. ಬೆಟ್ಟವನ್ನು ಯಾರೂ ಬೈಯಲಿಲ್ಲ, ನಮ್ಮನ್ನೇ ಬೈದರು.

ಬೇವಿನಕಟ್ಟಿ ಮೇಡಂ ಬಂದದ್ದು ನನ್ನ ಹೊಲ ಎಲ್ಲಕ್ಕಿಂತ ಕೆಳಗಿದ್ದ ವರ್ಷ. ಬಯಲಿನ ಕಡೆಯವರು. ಕೃಷಿ ಇಲಾಖೆಯ ಅಧಿಕಾರಿ ಎಂದರೆ ಯಾರೂ ನಂಬುವಂತಿರಲಿಲ್ಲ. ಬೇಲಿ ಹಿಡಿದುಕೊಂಡು, ಕೂತು ಕೂತು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತಿದ್ದರು. "ನಮ್ಮ ಕಡೆ ಏರಬೇಕಂದ್ರ ಮನಿಯಾಗಿನ ಅಟ್ಟ ಒಂದ ಐತ್ರಿ" ಎಂದು ತಮಗೆ ತಾವೇ ನಗುತ್ತಿದ್ದರು. ನಾನೂ ಮೊದಲು ನಕ್ಕವಳೇ. ಆದರೆ ಆಯಮ್ಮ ಕೈಯಲ್ಲಿ ಏನನ್ನೂ ತಂದಿರಲಿಲ್ಲ, ಬರೀ ಕೇಳುತ್ತಿದ್ದರು. ಪ್ರತಿ ಹೊಲಕ್ಕೂ ಹೋಗಿ ಮಣ್ಣನ್ನು ಹಿಡಿಯಲ್ಲಿ ಹಿಂಡಿ ಮೂಸಿ ನೋಡುತ್ತಿದ್ದರು. ನಮ್ಮ ಮಣ್ಣೆಲ್ಲ ಹೊಳೆಯಲ್ಲಿ ಹೋಗಿ ಕೆಳಗಿನ ಅಣೆಕಟ್ಟೆಯಲ್ಲಿ ಹೂಳಾಗಿ ತುಂಬುತ್ತಿದೆಯಂತೆ, ಅದನ್ನು ಬೆಟ್ಟದಲ್ಲೇ ಉಳಿಸುವುದು ಈ ಸಲದ ಯೋಜನೆ ಎಂದು ನಮಗೆ ಬಿಡಿಸಿ ಹೇಳಿದವರು ಅವರೊಬ್ಬರೇ. ಅದಕ್ಕೂ ಮೊದಲು ಬಂದವರು ಯೋಜನೆ ಯಾಕೆ ಎಂದು ನಮಗೆ ಹೇಳಬೇಕು ಅಂದುಕೊಂಡವರಲ್ಲ.

ಹಸ್ತ ಮಳೆಯ ಆ ಬೆಳಗ್ಗೆ ಅವರು ನನ್ನ ಪಕ್ಕದಲ್ಲೇ ನಿಂತಿದ್ದರು. ನನ್ನ ಅತ್ತೆ ಕಲ್ಲಿನಿಂದ ಶುರು ಮಾಡಿದ್ದ ಹೊಲ ಅದು. ನಾನು ಮದುವೆಯಾಗಿ ಬಂದಾಗ ಒರತೆಯ ಹತ್ತಿರವಿತ್ತು. ಅಷ್ಟು ವರ್ಷ ಗೊಬ್ಬರ ಹೊತ್ತು ಹಾಕಿದ ಕಪ್ಪು ಮಣ್ಣು ಕಣ್ಣೆದುರೇ ಜಾರಿ ಹೊಳೆಗಿಳಿಯಿತು. ನೀರು ಸ್ವಲ್ಪ ಹೊತ್ತು ಕದಡಿ ಆಮೇಲೆ ತನ್ನ ಪಾಡಿಗೆ ಹರಿಯಿತು. ಮೇಡಂ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

"ಅಳಬ್ಯಾಡಿ ಮೇಡಂ, ಎಲ್ಲಾರ್ದೂ ಒಂದಿನ ಹೋಯ್ತದೆ" ಅಂದೆ.

"ಸಿಟ್ಟ್ ಬರೂದಿಲ್ಲೇನ್ರೀ ನಿಮಗ?"

"ಯಾರ್ ಮ್ಯಾಲೆ ಸಿಟ್ಟು ಮಾಡ್ಕಳನ?"

ಮಧ್ಯಾಹ್ನ ಮಡಿಲು ತುಂಬಿದರು. ಮೊದಲು ಬಂದವಳು ದುಂಡಮ್ಮ. ನನ್ನದರ ಮೇಲಿನ ಹೊಲ ಅವಳದ್ದು, ಈಗ ಅವಳದ್ದೇ ಎಲ್ಲಕ್ಕಿಂತ ಕೆಳಗಿನದು. ನನಗಿಂತ ಹಿರಿಯಳು, ಗಂಡ ಹೋಗಿ ಬಹಳ ವರ್ಷವಾಗಿತ್ತು, ಸೊಸೆಯನ್ನು ಕಟ್ಟಿಕೊಂಡು ದುಡಿಯುತ್ತಿದ್ದಳು. ಕೋಳಿ ವಿಷಯಕ್ಕೆ ನಾವಿಬ್ಬರೂ ಆಡದ ಮಾತಿಲ್ಲ, ಜ್ವರ ಬಂದಾಗ ಒಬ್ಬರಿಗೊಬ್ಬರು ಕಾಯಿಸದ ಗಂಜಿಯೂ ಇಲ್ಲ. "ಹಿಡಿಯೇ ಹೊನ್ನಾಜಿ, ಮುಂದಿನ್ ವರ್ಷ ನಂಗೆ ನೀನು ತುಂಬೀಯಂತೆ" ಎಂದು ಮೊರ ತುಂಬ ಸುರಿದಳು. ಸಾಲಿನ ಕೊನೆಯಲ್ಲಿ ಬೇವಿನಕಟ್ಟಿ ಮೇಡಂ ನಿಂತಿದ್ದರು. ಅವರಿಗೆ ಹೊಲವೆಲ್ಲಿಯದು? ದುಂಡಮ್ಮನ ಹತ್ತಿರ ಕಡ ತಂದ ಮಣ್ಣನ್ನು ತಾವೇ ಕೇರಿ ತಂದಿದ್ದರು. ಅವತ್ತಿನಿಂದ ನಾನು ಆಯಮ್ಮನ ಕಡೆಯವಳಾದೆ.

ಆಮೇಲೆ ಅವರು ಮಾಡಿದ್ದನ್ನು ನೋಡಬೇಕಿತ್ತು. ಜಿಲ್ಲಾ ಕಚೇರಿಗೆ ಅಲೆದು ಅಲೆದು, ನೆರವು ಜಾಗದ ಹೆಸರಿಗಲ್ಲ, ಮನೆಯ ಹೆಸರಿಗೆ ಬರಬೇಕು ಎಂದು ಹಟ ಹಿಡಿದು ಗೆದ್ದರು. ಒಂದು ದಿನ ಜೀಪಿನ ತುಂಬ ಲಾವಂಚದ ಸಸಿ ಬಂತು. ನಾವು ಬೀಸಣಿಗೆ ಮಾಡುವ, ಮಡಕೆಯ ನೀರಿಗೆ ಹಾಕುವ ಅದೇ ಲಾವಂಚ. "ನಮ್ಮ ಕಡೆ ಹಳ್ಳದ ದಂಡಿಗೆ ಹಚ್ತೀವ್ರಿ. ಬೇರು ಆಳಕ್ಕ ಇಳದು ಮಣ್ಣ ಹಿಡೀತಾವ" ಅಂದರು. ಸಿಮೆಂಟಿಗೆ ನಿಲ್ಲದ ಬೆಟ್ಟ ಹುಲ್ಲಿಗೆ ನಿಲ್ಲುತ್ತಾ ಎಂದು ಊರೆಲ್ಲ ನಕ್ಕಿತು. ಆದರೆ ನೆಡುವುದಕ್ಕೆ ಯೋಜನೆಯಿಂದ ಕೂಲಿ ಇತ್ತು, ಜೊತೆಗೆ ಮೇಡಂ ಸೀರೆ ಎತ್ತಿ ಕಟ್ಟಿ ತಾವೇ ಕೆಸರಿಗಿಳಿದಿದ್ದರು. ಅಧಿಕಾರಿ ನೆಡುತ್ತಿರುವಾಗ ಬದುವಿನ ಮೇಲೆ ಕೂತು ಎಲೆಅಡಿಕೆ ಹಾಕಲು ಯಾರಿಗೆ ಮನಸ್ಸಾಗುತ್ತದೆ? ತುದಿಯಿಂದ ಹೊಳೆಯವರೆಗೆ ಪ್ರತಿ ಮೆಟ್ಟಿಲಿನ ಅಂಚಿಗೂ ಲಾವಂಚ ಬಿತ್ತು.

ಮತ್ತೆ ಹಸ್ತ ಮಳೆ ಬಂತು. ಹಾಲು ಕರೆದದ್ದಾಯಿತು, ರೊಟ್ಟಿ ತಟ್ಟಿದ್ದಾಯಿತು, ಬಿಸಿಲು ನೆತ್ತಿಗೆ ಬಂತು, ಬೆಟ್ಟ ಇಳಿಯಲಿಲ್ಲ. ಮಾರನೆಯ ದಿನವೂ ಇಲ್ಲ, ಮಳೆ ಪೂರಾ ಹಿಂದೆ ಸರಿದ ಮೇಲೂ ಇಲ್ಲ. ದುಂಡಮ್ಮ ತನ್ನ ಹೊಲದ ನಡುವೆ ಬೋರಲು ಮಲಗಿ ಮಣ್ಣನ್ನು ತಬ್ಬಿಕೊಂಡಳು. ಹೊಳೆಯ ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಗಂಡಸರು ತಮಟೆ ಬಾರಿಸಿದರು, ಹೆಂಗಸರು ಮೇಡಂಗೆ ಹೂ ಮುಡಿಸಿದರು. ನಾನೂ ಮುಡಿಸಿದೆ. ಮನೆಗೆ ಬಂದು ಕಾಲು ತೊಳೆಯುವಾಗ ನಮ್ಮನೆಯವರು, "ಹಂಗಾದ್ರೆ ನಾವು ಇನ್ನು ಇಳಿಯಂಗಿಲ್ಲ ಅನ್ನು" ಅಂದರು. ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು.

ನನ್ನ ಹೊಲ ಹೊಳೆಗೆ ಹೋದ ಮಾರನೆಯ ವರ್ಷವೇ ಬೆಟ್ಟ ನಿಂತಿತ್ತು. ನಾನು ತುದಿಯಲ್ಲಿದ್ದೆ. ನನ್ನ ಕೆಳಗೆ ಎಲ್ಲರೂ ಇದ್ದರು, ಅವರ ನಡುವೆ ಎಲ್ಲೋ ಒರತೆ ಇತ್ತು. ನಾನು ಸತ್ತ ಮೇಲೆ ನನ್ನ ಮಗ ಇದೇ ಕಲ್ಲಿಗೆ ನೀರು ಹೊರಬೇಕು, ಅವನ ಮಕ್ಕಳೂ ಹೊರಬೇಕು. ಬೆಳ್ಳುಳ್ಳಿಯ ಮನೆಗೆ ಎಂದೆಂದಿಗೂ ಬೆಳ್ಳುಳ್ಳಿ, ಹುರುಳಿಯ ಮನೆಗೆ ಎಂದೆಂದಿಗೂ ಹುರುಳಿ.

ಊರು ಬದಲಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಯಾರೂ ಕೆಟ್ಟವರಾಗಲಿಲ್ಲ, ಅದೇ ಮುಖಗಳು, ಅದೇ ಸಲಿಗೆ. ಆದರೆ ಕೆಳಗಿನವರು "ನಮ್ಮ ಕಾಲುವೆ" ಅನ್ನತೊಡಗಿದರು. ಹಿಂದೆಲ್ಲ ಯಾರ ಬಾಯಲ್ಲೂ ಆ ಮಾತಿರಲಿಲ್ಲ, ಇವತ್ತು ನಿನ್ನದು ನಾಳೆ ನನ್ನದು ಆಗುವ ಕಾಲುವೆಗೆ ಯಾರು ಹೆಸರಿಡುತ್ತಾರೆ? ನನ್ನ ಮಗ ಬೆಳ್ಳಪ್ಪನಿಗೆ ಬಟಾಣಿ ಮೆಟ್ಟಿಲಿನ ಜವರಪ್ಪನ ಮಗಳನ್ನು ತರುವುದೆಂದು ಮಾತಾಗಿತ್ತು. ಹುಡುಗ ಹುಡುಗಿ ಒಪ್ಪಿದ್ದರು. ಬೆಟ್ಟ ನಿಂತ ಮೇಲೆ ಜವರಪ್ಪ ಎದುರು ಸಿಕ್ಕರೆ ಆಕಾಶ ನೋಡುತ್ತಿದ್ದ. ಒಂದು ದಿನ ಹಿಡಿದು ನಿಲ್ಲಿಸಿ ಕೇಳಿದೆ.

"ಬೇಜಾರ್ ಮಾಡ್ಕಬ್ಯಾಡ ಹೊನ್ನಾಜಕ್ಕ" ಅಂದ. "ಮಗ್ಳು ಜೀವ್ಮಾನಾ ಪೂರ್ತಿ ಕೊಡ ಹೊರಬೇಕಲ್ಲ ಅಂತ ನಮ್ಮೋಳು ಅಳ್ತಳೆ."

ನನಗೆ ಮಗಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹೆಣ್ಣು ಕೊಡುವಾಗ ಯಾವ ಮೆಟ್ಟಿಲು ಎಂದು ನಮ್ಮೂರಿನಲ್ಲಿ ಕೇಳಿದ್ದು ಅದೇ ಮೊದಲು. ಬೆಳ್ಳಪ್ಪ ಗುದ್ದಲಿ ಹಿಡಿದು ಕಲ್ಲು ಎಬ್ಬಿಸತೊಡಗಿದ. ಕತ್ತಲಾದರೂ ಆ ಸದ್ದು ನಿಲ್ಲುತ್ತಿರಲಿಲ್ಲ.

ಅಂಥ ದಿನ ಬೇವಿನಕಟ್ಟಿ ಮೇಡಂ ತುದಿಗೆ ಬಂದರು. ಇಲಾಖೆಯ ಮೇಲಿನವರಿಗೆಲ್ಲ ಆಯಮ್ಮನ ಕೆಲಸ ಬಹಳ ಹಿಡಿಸಿತ್ತಂತೆ, ಯಾರೋ ದೊಡ್ಡವರು ಬೆಟ್ಟ ನೋಡಲು ಬರುವವರಿದ್ದರಂತೆ. ಖುಷಿಯಲ್ಲಿ ಹೇಳುತ್ತಾ ಬಂದವರಿಗೆ ನಾನು ಕೂರಲೂ ಹೇಳಲಿಲ್ಲ.

"ನಿಮ್ಮ ಹುಲ್ಲು ನನ್ನ ಕುತ್ತಿಗೆಗೆ ಬಂತಲ್ಲ ಮೇಡಂ" ಅಂದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮಗನ ಮದುವೆ, ನೀರು, ಕಲ್ಲು, ಹೋದ ನನ್ನ ಹೊಲ, ಎಲ್ಲ.

ಆಯಮ್ಮ ಹೊಲದ ಮೂಲೆಯಲ್ಲಿದ್ದ ಕೊಡ ತೆಗೆದುಕೊಂಡು ಇಳಿದು ಹೋದರು. ಒರತೆಯಿಂದ ಕೊಡ ಹೊತ್ತು ತುದಿಗೆ ಬರುವಷ್ಟರಲ್ಲಿ ಮೈಯೆಲ್ಲ ಒದ್ದೆ, ಕೊಡದಲ್ಲಿ ಅರ್ಧ ನೀರು. ಅದನ್ನು ನನ್ನ ಹುರುಳಿಯ ಬುಡಕ್ಕೆ ಹಾಕಿ ಕಲ್ಲಿನ ಮೇಲೆ ಕೂತರು. "ಮಣ್ಣ ಹಿಡೀಬೇಕಂತಷ್ಟ ವಿಚಾರ ಮಾಡಿದ್ನಿರಿ. ಮಣ್ಣಿನ ಕೂಡ ನೀವೂ ನಿಲ್ತೀರಂತ ನಂಗ ಹೊಳೀಲೇ ಇಲ್ಲ" ಅಂದರು. ತಪ್ಪು ಎಂದು ಇಷ್ಟು ನೆಟ್ಟಗೆ ಹೇಳಿದ ಅಧಿಕಾರಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಮೋಟರು ಹಾಕಿ ನೀರೆತ್ತಬಹುದೇ ಎಂದು ಅವರು ಜನ ಕರೆತಂದು ನೋಡಿಸಿದರು. ಒರತೆ ಇರುವುದೇ ಬೆರಳ ಗಾತ್ರ. ಮೇಲಕ್ಕೆ ಎಳೆದರೆ ಕೆಳಗಿನವರ ಬಾಯಿಗೆ ಮಣ್ಣು. ಬೇರೆ ಯಾವ ಯೋಜನೆಯಲ್ಲೂ ಇದಕ್ಕೆ ದಾರಿಯಿರಲಿಲ್ಲ. ಹಾಗೆಯೇ ಬೇಸಿಗೆ ಕಳೆದು, ಮಳೆ ಹಿಡಿದು, ಆಲೂಗಡ್ಡೆ ಕಿತ್ತು, ಹಸ್ತ ಮಳೆ ಬಾಗಿಲಿಗೆ ಬಂತು.

ಆಗ ಮೇಡಂ ಊರವರನ್ನೆಲ್ಲ ದುಂಡಮ್ಮನ ಹೊಲಕ್ಕೆ ಕರೆದರು. ಹೊಲದ ಅಂಚಿನಲ್ಲಿ ಲಾವಂಚ ಎದೆಯೆತ್ತರ ಬೆಳೆದು ತೂಗುತ್ತಿತ್ತು.

"ನೋಡ್ರಿ, ಹೋದ ವರ್ಷ ನಾ ಹಚ್ಚಿದ್ದು ಅರ್ಧ ಊರಿಗೆ ಛಲೋ ಆತು, ಅರ್ಧ ಊರಿಗೆ ಕುತ್ತಾತು" ಅಂದರು. "ನಾ ಹಚ್ಚಿದ್ದು ನಾನ ಕೀಳತೀನಿ. ಬೆಟ್ಟ ಮೊದಲಿನಂಗ ಇಳೀಲಿ. ಇಲಾಖೆಗೆ ಏನ್ ಹೇಳೂದು ಅದನ್ನ ನಾ ನೋಡ್ಕೋತೀನಿ."

ಕೀಳಲಿ ಎಂದು ನನ್ನ ಮನಸ್ಸು ಕೂಗುತ್ತಿತ್ತು, ದುಂಡಮ್ಮನ ಮುಖ ನೋಡಲು ಧೈರ್ಯವಿರಲಿಲ್ಲ. ಕಿತ್ತರೆ ಮೊದಲು ಹೊಳೆಗೆ ಹೋಗುವುದು ಅವಳ ಹೊಲ. ಕೆಳಗಿನವರು ಕಿರುಚಿದರು, ಮೇಲಿನವರು ಅದಕ್ಕಿಂತ ಜೋರಾಗಿ ಕಿರುಚಿದರು. ಕುಡಿದಾಗಲೂ ಕೈ ಎತ್ತದ ಗಂಡಸರು ಒಬ್ಬರ ಅಂಗಿ ಒಬ್ಬರು ಹಿಡಿದಿದ್ದರು. ಆ ಗಲಾಟೆಯಲ್ಲೇ ಮೇಡಂ ಬಗ್ಗಿ ಲಾವಂಚದ ಒಂದು ಬುಡ ಹಿಡಿದು ಎಳೆದರು. ಅದು ಕದಲಲಿಲ್ಲ. ಎರಡೂ ಕೈ ಹಾಕಿ ಎಳೆದರು. ಆಗ ದುಂಡಮ್ಮ ಹೋಗಿ ಅವರ ಮಣಿಕಟ್ಟು ಹಿಡಿದುಕೊಂಡಳು.

"ಬುಡವ್ವ, ಕೈ ಹರಿದಾತು" ಅಂದಳು. "ಹುಲ್ಲು ಕಿತ್ರೆ ಮಣ್ಣು ಹೊಳೆಗೆ ಹೋಯ್ತದೆ. ಮಣ್ಯಾಕೆ ಹೋಗಬೇಕು? ನಾನು ಹೋದ್ರೆ ಸಾಲ್ದಾ?"

ಗಲಾಟೆ ನಿಂತಿತು. ಅವಳು ಏನು ಹೇಳಿದಳೆಂದು ನಮಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಿಂದ ಹೊಲವೇ ನಮ್ಮನ್ನು ಹೊತ್ತುಕೊಂಡು ಇಳಿಯುತ್ತಿತ್ತು. ಅದು ನಿಂತಾಗ ನಾವೂ ಇದ್ದಲ್ಲೇ ಕೂತು, ಇನ್ನು ನಮ್ಮ ಹಣೆಬರಹ ಇಷ್ಟೇ ಅಂದುಕೊಂಡಿದ್ದೆವು. ಹೊಲ ಬಿಟ್ಟು ಹೊಲಕ್ಕೆ ನಡೆದುಕೊಂಡು ಹೋಗಬಹುದು ಎನ್ನುವುದು ಇಡೀ ಊರಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಬೇರೆ ಊರಿನವರು ಕೇಳಿದರೆ ನಗುತ್ತಾರೆ, ನಗಲಿ.

"ನನ್ ಸರದಿ ಬಂದಿತ್ತು. ಬೆಟ್ಟ ಕರ್ಕೊಂಡು ಹೋಗ್ನಿಲ್ಲ, ನಾನೇ ಹೋಯ್ತಿನಿ" ಅಂದಳು ದುಂಡಮ್ಮ. "ನಾನು ತುದೀಗೆ. ಹೊನ್ನಾಜಿ ಒಂದ್ ಮೆಟ್ಲು ಕೆಳಕ್ಕೆ. ಮಿಕ್ಕೋರೂ ಒಂದೊಂದು ಇಳೀರಿ. ವರ್ಷಾ ವರ್ಷಾ ಹಿಂಗೇ ಮಾಡನ."

ಜವರಪ್ಪ ಗಂಟಲು ಸರಿಮಾಡಿಕೊಂಡ. "ಅಲ್ಲ ದುಂಡವ್ವ, ಬುಟ್ಟೋಗೋ ಹೊಲಕ್ಕೆ ಯಾರು ಗೊಬ್ರ ಹೊರ್ತರೆ?"

"ನಿನ್ ಕೆಳಗಿರೋನು ನಿಂಗೆ ಹಾಕ್ಬುಟ್ಟು ಹೋಯ್ತನೆ. ನೀನು ಮೇಲಿಂದ ಬರೋರ್ಗೆ ಹಾಕು. ಹಾಕ್ನಿಲ್ಲ ಅಂದ್ರೆ ನಿನ್ ಮೊಕ ನೋಡೋರು ಯಾರ್ಲಾ?"

ಬೇವಿನಕಟ್ಟಿ ಮೇಡಂ ಮಣ್ಣಿನಲ್ಲೇ ಕೂತುಬಿಟ್ಟಿದ್ದರು. "ನೀವು ಹಿರೇರದೀರಿ, ಕಲ್ಲಾಗ ಹೆಂಗ ಮಾಡ್ತೀರಿ? ನೀವು ಹೋಗಬೇಕಂತ ಯಾವ ರೂಲ್ಸೂ ಇಲ್ಲರೀ" ಅಂದರು.

"ರೂಲ್ಸಿಲ್ಲ ಅಂತ್ಲೇ ನಾನು ಹೋಯ್ತಿರೋದು" ಅಂದಳು ದುಂಡಮ್ಮ.

ಊರಿನಲ್ಲಿ ಅವಳೊಬ್ಬಳು ಒಲ್ಲೆ ಅಂದಿದ್ದರೆ ಸಾಕಿತ್ತು. ಎಲ್ಲರಿಗೂ ಒಂದು ಮೆಟ್ಟಿಲು ಲಾಭ, ಅವಳಿಗೊಬ್ಬಳಿಗೆ ಎಲ್ಲವೂ ನಷ್ಟ. ಅವಳನ್ನು ಹೋಗು ಎಂದು ಕೇಳುವ ಹಕ್ಕು ಯಾರಿಗೂ ಇರಲಿಲ್ಲ, ನನಗಂತೂ ಮೊದಲೇ ಇರಲಿಲ್ಲ. ನಾನು ಹತ್ತಿರ ಹೋಗಿ ಬ್ಯಾಡ ಕಣಕ್ಕ ಎಂದು ಹೇಳಲು ಬಾಯಿ ತೆರೆದೆ, ಅಳು ಬಂತೇ ಹೊರತು ಮಾತು ಬರಲಿಲ್ಲ. "ಬಾಯಿ ಮುಚ್ಚು, ನೊಣ ಹೊಕ್ಕಾತು" ಅಂದಳು.

ಹಸ್ತ ಮಳೆ ಬಿಟ್ಟ ಬೆಳಗ್ಗೆ ಊರಿಗೆ ಊರೇ ಬೆಟ್ಟದ ಮೇಲಿತ್ತು. ದುಂಡಮ್ಮ ಸೊಸೆಯ ತಲೆಯ ಮೇಲೆ ಬಿತ್ತನೆಯ ಹುರುಳಿ ಹೊರಿಸಿ, ತಾನು ಗುದ್ದಲಿ ಹೊತ್ತು ಹೊಳೆಯ ಅಂಚಿನಿಂದ ಹೊರಟಳು. ಅವಳು ಒಂದೊಂದು ಮೆಟ್ಟಿಲು ದಾಟಿದಂತೆ ಆ ಮೆಟ್ಟಿಲಿನವರು ತಮ್ಮ ಗುದ್ದಲಿ ಎತ್ತಿಕೊಂಡು ಕೆಳಗಿನದಕ್ಕೆ ಇಳಿದರು. ಕೆಲವರು ಬಿಟ್ಟುಬಂದ ಹೊಲವನ್ನು ತಿರುಗಿ ತಿರುಗಿ ನೋಡುತ್ತಿದ್ದರು. ಪ್ರತಿ ಹೊಲದಲ್ಲೂ ಹೊಸ ಗೊಬ್ಬರದ ಗುಪ್ಪೆಗಳಿದ್ದವು. ಎಲ್ಲಕ್ಕಿಂತ ದೊಡ್ಡ ಗುಪ್ಪೆಗಳು ಜವರಪ್ಪನ ಹೊಲದಲ್ಲಿದ್ದವು. ನಡುವೆ ಉಸಿರು ಹಿಡಿದಾಗ ದುಂಡಮ್ಮ ಒರತೆಯ ಹತ್ತಿರ ಕೂತಳು. ಅವಳ ತೋಳಿಗೆ ಆಸರೆಯಾಗಿ ಬಂದವರು ಬೇವಿನಕಟ್ಟಿ ಮೇಡಂ. ಅವರ ಏದುಸಿರೇ ಅವಳದಕ್ಕಿಂತ ಜೋರಾಗಿತ್ತು, ಯಾರು ಯಾರನ್ನು ಹಿಡಿದುಕೊಂಡಿದ್ದರೋ ದೇವರಿಗೇ ಗೊತ್ತು. ಆ ಸಲ ನೋಡಲು ಬರಬೇಕಿದ್ದ ದೊಡ್ಡವರು ಬಂದರೋ ಇಲ್ಲವೋ ನನಗೆ ನೆನಪಿಲ್ಲ. ಮೇಡಂ ಹತ್ತಿ ಬಂದದ್ದು ಮಾತ್ರ ಕಣ್ಣಿಗೆ ಕಟ್ಟಿದೆ.

ನಾನು ತುದಿಯಲ್ಲಿ ಕಾಯುತ್ತಿದ್ದೆ. ಬೆಳ್ಳಪ್ಪ ಎಬ್ಬಿಸಿದ ಕಲ್ಲುಗಳನ್ನು ಒಂದು ಬದಿಗೆ ಜೋಡಿಸಿ, ಇದ್ದ ಮಣ್ಣನ್ನೆಲ್ಲ ಬಾಚಿ ನಡುವಿಗೆ ಹರಡಿ ಗುಡಿಸಿಟ್ಟಿದ್ದೆ. ಇಷ್ಟು ಕೊಡುವುದಕ್ಕೆ ನಾಚಿಕೆಯಾಗುತ್ತಿತ್ತು. ಮಧ್ಯಾಹ್ನ ಅವಳ ಮಡಿಲು ತುಂಬುವ ಮೊರವನ್ನೂ ತಂದಿಟ್ಟುಕೊಂಡಿದ್ದೆ. ದುಂಡಮ್ಮ ಬಂದು, ಗುದ್ದಲಿ ಊರಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಕಲ್ಲನ್ನು ನೋಡಲಿಲ್ಲ, ಮಣ್ಣನ್ನೂ ನೋಡಲಿಲ್ಲ. ತಿರುಗಿ ಕೆಳಗೆ ನೋಡಿದಳು. ಲಾವಂಚದ ಹಸಿರಂಚಿನ ಮೆಟ್ಟಿಲುಗಳು ಇಳಿಯುತ್ತಾ ಇಳಿಯುತ್ತಾ ಹೋಗಿ, ತಳದಲ್ಲಿ ಹೊಳೆ ಬಿಸಿಲಿಗೆ ಮಿನುಗುತ್ತಿತ್ತು.

"ಅಬ್ಬಬ್ಬ, ಇಲ್ಲಿಂದ ಎಷ್ಟ್ ಚೆಂದಾಗಿ ಕಾಣ್ತದಲ್ಲ! ಎರಡು ವರ್ಷದಿಂದ ಇಲ್ಲೇ ಇದ್ದೀಯ, ಒಂದಿನಾನಾದ್ರೂ ಹೇಳಿದ್ಯೇನೇ ಕಳ್ಳಿ?" ಅಂದಳು.

"ನೋಡಿದ್ರೆ ತಾನೆ ಹೇಳಕ್ಕಾಗೋದು" ಅಂದೆ. ನಿಜವಾಗಿಯೂ ನಾನು ಒಂದು ದಿನವೂ ನೋಡಿರಲಿಲ್ಲ. ಆವತ್ತು ನನ್ನ ಹೊಸ ಮೆಟ್ಟಿಲಿಗೆ ಇಳಿಯುವ ಮೊದಲು ಅವಳ ಪಕ್ಕದಲ್ಲಿ ಕೂತು ಕಣ್ತುಂಬ ನೋಡಿದೆ.